ಹುಳಿಮಣ್ಣೂ ನ್ಯಾನೊ ಕಣಗಳೂ

ಅತ್ತಿಗುಪ್ಪೆಯೆಂಬ ಹೆಸರಿನಲ್ಲಿ ಎರಡು ಮಾತುಗಳು ಕೂಡಿಕೊಂಡಿರುವುವು. ಅತ್ತಿಯೆಂಬುದು ಮರ; ಗುಪ್ಪೆಯೆಂಬುದು ರಾಶಿ. ಬೇಸಗೆಯಲ್ಲಿ ರೈತನು ಕೊಟ್ಟಿಗೆ ಗೊಬ್ಬರವನ್ನು ಗಾಡಿಯಲ್ಲಿ ಹೊಲಕ್ಕೆ ಸಾಗಿಸಿ, ಹರಡುವುದಕ್ಕೆ ಮುಂಚೆ ಅಲ್ಲಲ್ಲಿ ಸುರಿದಿಡುವ ಸಣ್ಣ ರಾಶಿಗಳಿಗೂ ಗುಪ್ಪೆಯೆಂದೇ ಹೆಸರು. ಈಗ ಅತ್ತಿಗುಪ್ಪೆಯಲ್ಲಿ ಹೊಲಗಳಿಲ್ಲ. 2015ನೆಯ ಇಸವಿಯ ನವೆಂಬರ್ ತಿಂಗಳಿನಿಂದ ಮೆಟ್ರೊ ರೈಲುಬಂಡಿಯು ಇಲ್ಲಿಯ ನೆತ್ತಿಯ ಮೇಲೆ ಓಡಾಡುತ್ತಿರುವುದು. ಆದರೂ ಮನೆ ಕಟ್ಟುವುದಕ್ಕಾಗಿ ಯಾರಾದರೂ ಪಾಯ ತೋಡಿದರೆ, ಟಾರು ರಸ್ತೆಯ ಮಗ್ಗುಲಿನಲ್ಲಿಯೇ ಅದೇ ಹಳೆಯ ಕೆಂಪು ಮಣ್ಣು ಮೇಲಕ್ಕೆ ಬಂದು ಬೀಳುವುದು. ಮಾಗಡಿ, ಕುಣಿಗಲು, ರಾಮನಗರಗಳ ಕಡೆಯ ರಾಗಿಯ ಹೊಲಗಳ ಮಣ್ಣೂ ಇದರ ಬಳಗವೇ. ನಮ್ಮಲ್ಲಿ ಎಷ್ಟೋ ಮಂದಿ ಹುಡುಗಿಯರ ತಾತಂದಿರು ಇಂದಿಗೂ ಆ ಕಡೆ ಬೇಸಾಯ ಮಾಡಿಕೊಂಡಿರುವರು.

ಈಚಿನ ವರ್ಷಗಳಲ್ಲಿ ಗೊಬ್ಬರದ ಅಂಗಡಿಗಳಲ್ಲಿ 'ನ್ಯಾನೊ' ಎಂಬ ಹೆಸರನ್ನು ಹೊತ್ತ ಸಣ್ಣ ಸಣ್ಣ ಸೀಸೆಗಳು ಕಾಣಿಸಿಕೊಂಡಿರುವುವು. ರಜಾದಿನಗಳಲ್ಲಿ ಊರಿಗೆ ಹೋದಾಗ, "ಏನಮ್ಮ, ಓದಿದವಳು ನೀನು. ಹೊಲದ ಮಣ್ಣು ಹುಳಿಯಾಗಿದೆ ಎನ್ನುತ್ತಾರೆ. ಸುಣ್ಣದ ಮೂಟೆ ತರಲೋ, ಈ ಸೀಸೆ ತರಲೋ?" ಎಂದು ತಾತನವರು ಕೇಳಿದರೆ ನಾವು ಏನು ಉತ್ತರ ಹೇಳತಕ್ಕದ್ದು? ಒಂದು ವರ್ಷದ ಫಸಲೂ, ಸಾಲ ಮಾಡಿ ತಂದ ಹಣವೂ ಆ ಉತ್ತರವನ್ನು ಅವಲಂಬಿಸಿರಬಹುದು. ಆದುದರಿಂದ ಈ ವಿಷಯವನ್ನು ಬುಡದಿಂದ ವಿಚಾರಮಾಡಿ ನೋಡುವುದು ಒಳ್ಳೆಯದು.

ಹುಳಿಮಣ್ಣೆಂದರೇನು?

ನಿಂಬೆಯ ರಸದಲ್ಲಿಯೂ ಹುಣಿಸೆಯ ಹಣ್ಣಿನಲ್ಲಿಯೂ ಆಮ್ಲವಿರುವುದು. ಸುಣ್ಣದ ತಿಳಿಯಲ್ಲಿಯೂ ಬೂದಿಯ ನೀರಿನಲ್ಲಿಯೂ ಕ್ಷಾರವಿರುವುದು. ಮಣ್ಣಿನಲ್ಲಿಯೂ ಈ ಎರಡು ಗುಣಗಳುಂಟು. ಇವುಗಳನ್ನು ಅಳೆಯುವುದಕ್ಕೆ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞನಾದ ಸೋರೆನ್‌ಸನ್ ಎಂಬಾತನು 1909ರಲ್ಲಿ ಒಂದು ಅಳತೆಗೋಲನ್ನು ಏರ್ಪಡಿಸಿದನು. ಅದನ್ನು ಪಿಎಚ್ ಎನ್ನುವರು. ನಮ್ಮ ಕೃಷಿ ಇಲಾಖೆಯವರು ರಸಸಾರವೆಂದು ಕರೆಯುವರು. ರಸಸಾರವು 7 ಆಗಿದ್ದರೆ ಮಣ್ಣು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. 7ರಿಂದ ಕೆಳಕ್ಕೆ ಇಳಿದಂತೆಲ್ಲಾ ಹುಳಿಯು ಹೆಚ್ಚುವುದು. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಈ ಕೋಲಿನ ಒಂದೊಂದು ಮೆಟ್ಟಿಲೂ ಹತ್ತರಷ್ಟು. ರಸಸಾರವು 6 ಇರುವ ಮಣ್ಣಿಗಿಂತ 5 ಇರುವ ಮಣ್ಣು ಹತ್ತರಷ್ಟು ಹುಳಿ. 4 ಇರುವ ಮಣ್ಣು ನೂರರಷ್ಟು ಹುಳಿ.

ಮಣ್ಣು ಏಕೆ ಹುಳಿಯಾಗುವುದು? ಮುಖ್ಯ ಕಾರಣವು ಮಳೆ. ಮಣ್ಣಿನಲ್ಲಿರುವ ಸುಣ್ಣ, ಮೆಗ್ನೀಷಿಯಂ ಮುಂತಾದ ಕ್ಷಾರಗುಣದ ಸಾರಗಳನ್ನು ಮಳೆಯ ನೀರು ಕರಗಿಸಿಕೊಂಡು ಕೆಳಕ್ಕೆ ಒಯ್ಯುವುದು. ಸಾವಿರಾರು ವರ್ಷ ಹೀಗೆ ತೊಳೆದು ಹೋದ ಮೇಲೆ ಉಳಿಯುವುದು ಹುಳಿ. ಆಗುಂಬೆಯಂತಹ ಸ್ಥಳದಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು; ಆದ್ದರಿಂದ ಮಲೆನಾಡಿನ ಮಣ್ಣೂ, ಕರಾವಳಿಯ ಜಂಬಿಟ್ಟಿಗೆ ಮಣ್ಣೂ ಬಹಳ ಹುಳಿ. ಬೆಂಗಳೂರಿನ ಮಳೆ ಅದರ ಏಳನೆಯ ಒಂದು ಪಾಲಿನಷ್ಟು ಮಾತ್ರ. ಆದರೆ ಇಲ್ಲಿಯ ಮಣ್ಣಿಗೆ ತಾಯಿಯಾದ ಬಂಡೆಯಲ್ಲಿ ಮೊದಲೇ ಸುಣ್ಣದ ಅಂಶ ಕಡಿಮೆ. ಲಾಲ್‌ಬಾಗಿನ ಗುಡ್ಡವನ್ನು ನೋಡಿದವರು ಆ ಬಂಡೆಯ ಜಾತಿಯನ್ನು ಬಲ್ಲರು. ಆದಕಾರಣ ನಮ್ಮ ಸೀಮೆಯ ಕೆಂಪು ಮಣ್ಣು ಸ್ವಲ್ಪಮಟ್ಟಿಗೆ ಹುಳಿಯಾಗಿಯೇ ಇರುವುದು. ಉತ್ತರದ ಜಿಲ್ಲೆಗಳ ಎರೆಯ ಮಣ್ಣು ಇದಕ್ಕೆ ವಿರುದ್ಧವಾಗಿ ಕ್ಷಾರದ ಕಡೆಗೆ ಒಲಿಯುವುದು. ಭಾರತದಲ್ಲಿ ಒಟ್ಟು ಸುಮಾರು 490 ಲಕ್ಷ ಹೆಕ್ಟೇರು ಸಾಗುವಳಿ ಭೂಮಿಯು ಹುಳಿಯಾದುದೆಂದು ಮಣ್ಣಿನ ಶಾಸ್ತ್ರಜ್ಞರು ಲೆಕ್ಕಮಾಡಿರುವರು.

ಎರಡನೆಯ ಕಾರಣವು ಮನುಷ್ಯನ ಕೈಯಿಂದಲೇ ಒದಗುವುದು. ಅಮೋನಿಯಂ ಸಲ್ಫೇಟ್, ಯೂರಿಯಾ ಮೊದಲಾದ ಸೀಮೆಗೊಬ್ಬರಗಳು ಮಣ್ಣಿನಲ್ಲಿ ಮಾರ್ಪಾಟು ಹೊಂದುವಾಗ ಆಮ್ಲವನ್ನು ಹುಟ್ಟಿಸುವುವು. 100 ಕಿಲೋಗ್ರಾಂ ಅಮೋನಿಯಂ ಸಲ್ಫೇಟು ಹುಟ್ಟಿಸುವ ಹುಳಿಯನ್ನು ಮುರಿಯುವುದಕ್ಕೆ ಸುಮಾರು 110 ಕಿಲೋಗ್ರಾಂ ಸುಣ್ಣದ ಕಲ್ಲಿನ ಪುಡಿ ಬೇಕು. 100 ಕಿಲೋಗ್ರಾಂ ಯೂರಿಯಾಕ್ಕೆ ಸುಮಾರು 80 ಕಿಲೋಗ್ರಾಂ ಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದಲ್ಲಿ 1856ರಿಂದ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗದಲ್ಲಿ, ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನು ಹಾಕುತ್ತ ಬಂದ ಪಾತಿಗಳ ರಸಸಾರವು 4ಕ್ಕಿಂತಲೂ ಕೆಳಕ್ಕೆ ಇಳಿದುಹೋಯಿತು.

ಪೈರಿಗೆ ಆಗುವ ಕೇಡು

ಹುಳಿ ಹೆಚ್ಚಿದರೆ ಪೈರು ಏಕೆ ಸೊರಗುವುದು? ಹುಳಿಯು ತಾನೇ ಬೇರನ್ನು ಸುಡುವುದೆಂದು ನಾವು ಭಾವಿಸಬಹುದು. ನಿಜವಾದ ಶತ್ರುವು ಬೇರೊಂದು. ಅಡಿಗೆಯ ಪಾತ್ರೆಗಳಿಗೆ ಉಪಯೋಗಿಸುವ ಅಲ್ಯೂಮಿನಿಯಂ ಲೋಹವು ಜೇಡಿಮಣ್ಣಿನ ಒಡಲಿನಲ್ಲಿಯೇ ಬಂಧಿತವಾಗಿರುವುದು. ರಸಸಾರವು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಅದು ಸ್ವಲ್ಪಸ್ವಲ್ಪವಾಗಿ ಕರಗಿ ಮಣ್ಣಿನ ನೀರಿಗೆ ಬರುವುದು. ಎಳೆಯ ಬೇರಿನ ತುದಿಗೆ ಅದು ವಿಷ. ಬೇರು ಮುಂದಕ್ಕೆ ಚಾಚದೆ, ಕವಲೊಡೆಯದೆ, ದಪ್ಪನಾಗಿ ಮೊಂಡಾಗಿ ನಿಂತುಬಿಡುವುದು. ನೀರು ಒಂದು ಗೇಣು ಕೆಳಗಿದ್ದರೂ ಆ ಬೇರಿಗೆ ಎಟುಕದು. ಹತ್ತು ದಿನ ಮಳೆ ಬಾರದಿದ್ದರೆ ಪಕ್ಕದ ಹೊಲದ ಪೈರು ಹಸುರಾಗಿರುವಾಗ ಹುಳಿಮಣ್ಣಿನ ಪೈರು ಬಾಡುವುದು. ಬೇಸಾಯಗಾರನು ಮಳೆಯನ್ನು ಹಳಿಯುವನು. ತಪ್ಪು ಮಣ್ಣಿನೊಳಗೆ ಅಡಗಿರುವುದು.

ಕರಗಿದ ಅಲ್ಯೂಮಿನಿಯಂನ ಇರವನ್ನು ಕಣ್ಣಿನಿಂದ ನೋಡಬೇಕೆಂಬವರು ಕೊಡಗು, ನೀಲಗಿರಿಗಳಂತಹ ತಂಪು ಸೀಮೆಯ ತೋಟಗಳಲ್ಲಿ ಹೈಡ್ರಾಂಜಿಯವೆಂಬ ಹೂವಿನ ಗಿಡವನ್ನು ನೋಡಬಹುದು. ಅದೇ ಗಿಡವು ಹುಳಿಮಣ್ಣಿನಲ್ಲಿ ನೀಲಿ ಹೂವನ್ನೂ, ಸುಣ್ಣವಿರುವ ಮಣ್ಣಿನಲ್ಲಿ ಗುಲಾಬಿ ಬಣ್ಣದ ಹೂವನ್ನೂ ಬಿಡುವುದು. ನೀಲಿಗೆ ಕಾರಣವು ಗಿಡವು ಹೀರಿಕೊಂಡ ಅಲ್ಯೂಮಿನಿಯಂ. ಹೈಡ್ರಾಂಜಿಯ, ಚಹಾ, ಅನಾನಸುಗಳಂತಹ ಗಿಡಗಳು ಅದನ್ನು ತಾಳಿಕೊಳ್ಳುವುವು. ಮುಸುಕಿನ ಜೋಳವೂ ಬೇಳೆಕಾಳುಗಳೂ ತಾಳಲಾರವು.

ಎರಡನೆಯ ಕೇಡು ರಂಜಕದ ಬಂಧನ. ಹುಳಿಯಾದ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂಗಳು ನಾವು ಹಾಕಿದ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುವು. ಪೆಟ್ಟಿಗೆಯಲ್ಲಿ ಹಣವಿದ್ದು ಬೀಗದಕೈ ಇಲ್ಲದವನ ಸ್ಥಿತಿಯು ಆಗ ಪೈರಿನದು. ಮೂರನೆಯದಾಗಿ, ಅವರೆ, ಅಲಸಂದೆ, ತೊಗರಿಗಳ ಬೇರಿನ ಗಂಟುಗಳಲ್ಲಿ ವಾಸಿಸುತ್ತ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳು ಹುಳಿಯಲ್ಲಿ ಬಲಗುಂದುವುವು.

ಹೆಬ್ಬಾಳದಿಂದ ಬಂದ ಪಾಠ

ಈ ವಿಷಯದಲ್ಲಿ ನಮ್ಮ ಬೆಂಗಳೂರಿಗೆ ಬಹು ದಿನದ ಅನುಭವವುಂಟು. ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಸಂಶೋಧನೆಗಾಗಿ ಕೊಟ್ಟರು. ಡಾಕ್ಟರ್ ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ನಮ್ಮ ಸೀಮೆಯ ಮಣ್ಣುಗಳನ್ನೂ, ಅವುಗಳಲ್ಲಿ ಪೈರು ಬೆಳೆಯುವ ಬಗೆಯನ್ನೂ ಪರೀಕ್ಷಿಸತೊಡಗಿದರು. ಒಬ್ಬ ಹೆಣ್ಣುಮಗಳು ರಾಜ್ಯಭಾರದ ಹೊಣೆಯ ನಡುವೆ ಮಣ್ಣಿನ ಪರೀಕ್ಷೆಗೂ ಸ್ಥಳ ಮಾಡಿಕೊಟ್ಟರೆಂಬುದು ನಮ್ಮ ವಿದ್ಯಾರ್ಥಿನಿಯರು ನೆನಪಿನಲ್ಲಿಡತಕ್ಕ ವಿಷಯ. ಆ ಮೊಳಕೆಯೇ ಬೆಳೆದು 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು.

ಆ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನಲ್ಲಿ 1986ರಿಂದ ಒಂದು ದೀರ್ಘ ಪ್ರಯೋಗವು ನಡೆಯುತ್ತ ಬಂದಿದೆ. ಅದೇ ಪಾತಿಗಳಲ್ಲಿ ವರ್ಷವರ್ಷವೂ ರಾಗಿಯನ್ನೂ ಅದರ ಹಿಂದೆ ಮುಸುಕಿನ ಜೋಳವನ್ನೂ ಬೆಳೆಯುವರು. ಒಂದು ಪಾತಿಗೆ ಗೊಬ್ಬರವೇ ಇಲ್ಲ. ಇನ್ನೊಂದಕ್ಕೆ ಸಾರಜನಕ ಮಾತ್ರ. ಮತ್ತೊಂದಕ್ಕೆ ಸಾರಜನಕ, ರಂಜಕ, ಪೊಟ್ಯಾಷುಗಳು ಮೂರೂ. ಬೇರೊಂದಕ್ಕೆ ಇವುಗಳ ಜೊತೆಗೆ ಸುಣ್ಣವೂ ಕೊಟ್ಟಿಗೆ ಗೊಬ್ಬರವೂ. ಕಾಲಕ್ರಮದಲ್ಲಿ ಕಂಡುಬಂದುದೇನೆಂದರೆ, ಸಾರಜನಕವನ್ನು ಮಾತ್ರ ಉಂಡ ಪಾತಿಗಳ ಮಣ್ಣು ಹುಳಿಯಾಗಿ ಫಸಲು ಕುಗ್ಗಿತು. ಸೀಮೆಗೊಬ್ಬರ, ಕೊಟ್ಟಿಗೆ ಗೊಬ್ಬರ, ಸುಣ್ಣ ಇವು ಮೂರನ್ನೂ ಪಡೆದ ಪಾತಿಗಳು ಎಲ್ಲಕ್ಕಿಂತ ಮುಂದೆ ನಿಂತವು. ಹಿಮಾಚಲ ಪ್ರದೇಶದ ಪಾಲಂಪುರದಲ್ಲಿ ಇದೇ ಬಗೆಯ ಪ್ರಯೋಗದಲ್ಲಿ, ಸಾರಜನಕವನ್ನು ಮಾತ್ರ ಹಾಕಿದ ಪಾತಿಗಳಲ್ಲಿ ಕೊನೆಗೆ ಒಂದು ಕಾಳೂ ಬಾರದಂತಾಯಿತು.

ಹೀಗಿರಲಾಗಿ, ಹುಳಿಮಣ್ಣಿಗೆ ಸುಣ್ಣವೂ ಗೊಬ್ಬರವೂ ಮದ್ದೆಂಬುದು ಹೊಸ ಸಂಗತಿಯಲ್ಲ. ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರದ ಸುತ್ತಮುತ್ತಲಿನ ತೋಟಗಾರರೂ ಕಾಫಿಯ ಗಿಡಗಳಿಗೆ ಸುಣ್ಣ ಹಾಕುವ ವಾಡಿಕೆಯನ್ನು ಬಲ್ಲರು. ಆದರೆ ಸುಣ್ಣವು ಭಾರವಾದ ಪದಾರ್ಥ. ಮೂಟೆಗಟ್ಟಲೆ ಬೇಕು; ಸಾಗಣೆಯ ವೆಚ್ಚ ಹೆಚ್ಚು; ಹರಡುವುದಕ್ಕೆ ಆಳು ಬೇಕು; ಉಳುಮೆಯ ಆಳಕ್ಕಿಂತ ಕೆಳಗೆ ಅದು ಬಹಳ ನಿಧಾನವಾಗಿ ಇಳಿಯುವುದು. ಇಷ್ಟು ತೊಂದರೆಗಳಿರುವಾಗ, ಅಂಗೈಯಲ್ಲಿ ಹಿಡಿಯುವ ಸೀಸೆಯೊಂದು ಅದೇ ಕೆಲಸವನ್ನು ಮಾಡುವುದಾದರೆ ಯಾರಿಗೆ ಬೇಡ? ಇಲ್ಲಿಯೇ ನ್ಯಾನೊ ಪದಾರ್ಥಗಳ ವಿಚಾರವು ಬರುವುದು.

ನ್ಯಾನೊ ಎಂದರೇನು?

ಒಂದು ಮೀಟರನ್ನು 100 ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲೇ ನ್ಯಾನೊಮೀಟರು. ನಮ್ಮ ತಲೆಗೂದಲಿನ ದಪ್ಪವು ಸುಮಾರು 80,000 ನ್ಯಾನೊಮೀಟರು. 1ರಿಂದ 100 ನ್ಯಾನೊಮೀಟರುಗಳೊಳಗಿನ ಅಳತೆಯ ಕಣಗಳನ್ನು ನ್ಯಾನೊ ಕಣಗಳೆನ್ನುವರು. ಇಷ್ಟು ಸಣ್ಣ ಅಳತೆಯಲ್ಲಿ ಪದಾರ್ಥವನ್ನು ನಮ್ಮ ಇಷ್ಟದಂತೆ ಜೋಡಿಸಬಹುದೆಂಬ ಯೋಚನೆಯನ್ನು ಅಮೇರಿಕದ ಭೌತವಿಜ್ಞಾನಿ ಫೈನ್‌ಮನ್ 1959ರ ಒಂದು ಉಪನ್ಯಾಸದಲ್ಲಿ ಮುಂದಿಟ್ಟನು. ನ್ಯಾನೊ ತಂತ್ರಜ್ಞಾನವೆಂಬ ಹೆಸರನ್ನು ಜಪಾನಿನ ತನಿಗುಚಿ ಎಂಬಾತನು 1974ರಲ್ಲಿ ಬಳಕೆಗೆ ತಂದನು. ಹೆಸರು ಹೊಸದಾದರೂ ವಸ್ತುವು ಹಳೆಯದು. ದೀಪದ ಮೇಲೆ ತಟ್ಟೆಯನ್ನು ಹಿಡಿದು ನಮ್ಮ ಅಜ್ಜಿಯರು ಕಾಡಿಗೆಯನ್ನು ಕೂಡಿಸುತ್ತಿದ್ದಾಗ, ಆ ಮಸಿಯ ಕಣಗಳು ಬಹುಮಟ್ಟಿಗೆ ಈ ಅಳತೆಯವೇ ಆಗಿದ್ದವು. ಜೇಡಿಮಣ್ಣಿನ ಅತಿ ನಯವಾದ ಭಾಗದಲ್ಲಿಯೂ ಇಂತಹ ಕಣಗಳುಂಟು.

ಸಣ್ಣದಾದರೆ ಏನು ವಿಶೇಷ? ಅಡಿಗೆಯ ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಎರಡು ಲೋಟ ಹಾಲನ್ನು ತೆಗೆದುಕೊಂಡು, ಒಂದರಲ್ಲಿ ಒಂದು ತೊಲ ಕಲ್ಲುಸಕ್ಕರೆಯ ಹರಳನ್ನೂ, ಇನ್ನೊಂದರಲ್ಲಿ ಅಷ್ಟೇ ತೂಕದ ಕಲ್ಲುಸಕ್ಕರೆಯನ್ನು ನುಣ್ಣಗೆ ಪುಡಿಮಾಡಿ ಹಾಕಿರಿ. ಪುಡಿಯು ಕ್ಷಣದಲ್ಲಿ ಕರಗುವುದು; ಹರಳು ಬಹಳ ಹೊತ್ತು ತಳದಲ್ಲಿ ಕುಳಿತಿರುವುದು. ಕಾರಣವೇನೆಂದರೆ, ಕರಗುವ ಕೆಲಸವು ಮೈಯ ಮೇಲೆ ನಡೆಯುವುದು. ತುಂಡು ಮಾಡಿದಷ್ಟೂ ಮೈ ಹೆಚ್ಚುವುದು. ಒಂದು ಸೆಂಟಿಮೀಟರ್ ಉದ್ದಗಲ ಎತ್ತರದ ಗಟ್ಟಿಗೆ 6 ಚದರ ಸೆಂಟಿಮೀಟರ್ ಮೈಯಿರುವುದು. ಅದನ್ನು ಒಂದು ಮಿಲಿಮೀಟರಿನ ಗಟ್ಟಿಗಳಾಗಿ ಕೊಯ್ದರೆ ಒಟ್ಟು ಮೈ 60 ಚದರ ಸೆಂಟಿಮೀಟರು. ಹತ್ತು ನ್ಯಾನೊಮೀಟರಿನ ಗಟ್ಟಿಗಳಾಗಿ ಕೊಯ್ಯಲು ಸಾಧ್ಯವಾದರೆ ಒಟ್ಟು ಮೈ 600 ಚದರ ಮೀಟರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಹುಣಿಸೆಯ ಬೀಜದಷ್ಟು ವಸ್ತುವಿನ ಮೈಯನ್ನು ಬಿಚ್ಚಿ ಹಾಸಿದರೆ ಮೂವತ್ತು ನಲವತ್ತರ ಐದು ನಿವೇಶನಗಳು ಮುಚ್ಚಿಹೋಗುವುವು.

ಈಗ ಆ ಎರಡು ಲೋಟಗಳ ಹಾಲನ್ನೂ, ಹರಳು ಪೂರ್ತಿ ಕರಗಿದ ಮೇಲೆ, ಕುಡಿದು ನೋಡಿರಿ. ಎರಡರ ಸಿಹಿಯೂ ಒಂದೇ. ಪುಡಿ ಮಾಡಿದುದರಿಂದ ಕೆಲಸವು ಬೇಗ ಆಯಿತು, ಸಿಹಿಯು ಹೆಚ್ಚಲಿಲ್ಲ. ಈ ಲೋಟದ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗುವುದು.

ಸುಣ್ಣದ ಲೆಕ್ಕ

ಒಂದು ಹೆಕ್ಟೇರಿನ ಮೇಲ್ಮಣ್ಣು, ಒಂದು ಗೇಣಿಗೆ ಸ್ವಲ್ಪ ಕಡಿಮೆ ಆಳದವರೆಗೆ, ಅಂದರೆ 15 ಸೆಂಟಿಮೀಟರಿನವರೆಗೆ, ಸುಮಾರು 20 ಲಕ್ಷ ಕಿಲೋಗ್ರಾಂ ತೂಗುವುದು. ಅದರಲ್ಲಿ ಒಂದೊಂದು ಕಿಲೋಗ್ರಾಂ ಮಣ್ಣಿನ ಹುಳಿಯನ್ನು ಮುರಿಯುವುದಕ್ಕೆ ಅರ್ಧ ಗ್ರಾಂ ಸುಣ್ಣದ ಕಲ್ಲಿನ ಪುಡಿ ಬೇಕೆಂದು ಇಟ್ಟುಕೊಳ್ಳೋಣ. ಹೆಕ್ಟೇರಿಗೆ 1,000 ಕಿಲೋಗ್ರಾಂ ಆಯಿತು. ಎಕರೆಗೆ ಸುಮಾರು 400 ಕಿಲೋಗ್ರಾಂ. ಆ ಸುಣ್ಣವನ್ನು ನ್ಯಾನೊ ಕಣಗಳಾಗಿ ಮಾಡಿದರೆ ಈ ತೂಕವು ಕಡಿಮೆಯಾಗುವುದೇ? ಆಗದು. ಇಷ್ಟು ಆಮ್ಲಕ್ಕೆ ಇಷ್ಟು ಸುಣ್ಣವೆಂಬುದು ರಸಾಯನಶಾಸ್ತ್ರದ ಮಾರ್ಪಡದ ಲೆಕ್ಕ. ಒಂದು ಗ್ರಾಂ ಸುಣ್ಣವು ಹರಳಾಗಿರಲಿ, ಹಿಟ್ಟಾಗಿರಲಿ, ಹಿಟ್ಟಿಗಿಂತ ಸಾವಿರ ಪಾಲು ನಯವಾಗಿರಲಿ, ಅದು ಮುರಿಯುವ ಆಮ್ಲವು ಒಂದೇ. ಅರ್ಧ ಲೀಟರಿನ ಸೀಸೆಯಲ್ಲಿ ಅರ್ಧ ಕಿಲೋಗ್ರಾಂ ಸುಣ್ಣವು ತುಂಬಿದ್ದರೂ, ಮೇಲಿನ ಒಂದು ಹೆಕ್ಟೇರಿಗೆ 2,000 ಸೀಸೆಗಳು ಬೇಕಾಗುವುವು.

ಬೇಗ ಕೆಲಸ ಮಾಡುವುದಾದರೂ ಲಾಭವಲ್ಲವೇ ಎಂದು ಕೇಳಬಹುದು. ಅದಕ್ಕೂ ಒಂದು ಮಿತಿಯುಂಟು. ದಪ್ಪ ನುಚ್ಚಿನಂತಹ ಸುಣ್ಣದ ಕಲ್ಲು ಮಣ್ಣಿನಲ್ಲಿ ವರ್ಷಗಟ್ಟಲೆ ಕರಗದೆ ಇರುವುದು. ಕಾಲು ಮಿಲಿಮೀಟರಿಗಿಂತ ನಯವಾದ ಪುಡಿಯಾದರೋ ಬಹುಮಟ್ಟಿಗೆ ಒಂದು ಬೆಳೆಯ ಕಾಲದೊಳಗೆ ತನ್ನ ಕೆಲಸವನ್ನು ಮುಗಿಸುವುದು. ಅಷ್ಟು ನಯವನ್ನು ಸಾಮಾನ್ಯವಾದ ಗಿರಣಿಯೇ ಕೊಡಬಲ್ಲುದು. ಅದಕ್ಕಿಂತ ಮುಂದಕ್ಕೆ ಹೋಗಿ ಹಣವನ್ನು ಸುರಿದರೆ ರೈತನಿಗೆ ಸಿಕ್ಕುವ ಹೆಚ್ಚುವರಿ ಲಾಭ ಅತ್ಯಲ್ಪ. ಸುಣ್ಣವು ತಲಪದ ಆಳದ ಮಣ್ಣಿಗೂ ಒಂದು ಹಳೆಯ ಉಪಾಯವುಂಟು. ಜಿಪ್ಸಮ್ ಹುಳಿಯನ್ನು ಮುರಿಯದಿದ್ದರೂ ಸುಣ್ಣದ ಕಲ್ಲಿಗಿಂತ ಸುಲಭವಾಗಿ ಕರಗಿ ಕೆಳಕ್ಕಿಳಿದು, ಅಲ್ಲಿ ಅಲ್ಯೂಮಿನಿಯಂನ ವಿಷವನ್ನು ತಗ್ಗಿಸುವುದು.

ಆದುದರಿಂದ ನ್ಯಾನೊ ಕಣಗಳಿಂದ ಹುಳಿಯನ್ನು ನೀಗಿಸುವ ಆಸೆಯನ್ನು ಬಿಟ್ಟು, ಹುಳಿಮಣ್ಣಿನಲ್ಲಿ ಪೈರಿಗೆ ಬೇಕಾದ ಸಾರವನ್ನು ತಲಪಿಸುವುದಕ್ಕೆ ಅವು ಸಹಾಯಮಾಡುವುವೇ ಎಂದು ನೋಡಬೇಕು. ಸಾರಗಳು ಬೇಕಾಗುವುದು ಅಲ್ಪ ಪ್ರಮಾಣದಲ್ಲಿ. ಅಲ್ಲಿ ಬೇಗವೂ ತಲಪುವಿಕೆಯೂ ಮುಖ್ಯ. ಸಂಶೋಧನೆಯು ಫಲ ಕೊಡಬಹುದಾದ ಸ್ಥಳವು ಅದೇ.

ರಂಜಕ, ಸಿಲಿಕಾ, ಸತು

ನಮ್ಮ ಎಲುಬಿನಲ್ಲಿಯೂ ಹಲ್ಲಿನಲ್ಲಿಯೂ ಇರುವ ಗಟ್ಟಿಯಾದ ಖನಿಜಕ್ಕೆ ಹೈಡ್ರಾಕ್ಸಿಅಪಟೈಟ್ ಎಂದು ಹೆಸರು. ಅದರಲ್ಲಿ ಸುಣ್ಣದ ಕ್ಯಾಲ್ಸಿಯಂ ಉಂಟು, ರಂಜಕವೂ ಉಂಟು. ಹುಳಿಮಣ್ಣಿಗೆ ಬೇಕಾದುವು ಇವೆರಡೇ. ಎಲುಬಿನ ಪುಡಿಯನ್ನೂ ಶಿಲಾರಂಜಕವನ್ನೂ ಹುಳಿಮಣ್ಣಿಗೆ ಹಾಕುವುದು ಹಳೆಯ ಪದ್ಧತಿ. ಹುಳಿಯೇ ಅವುಗಳನ್ನು ಮೆಲ್ಲಗೆ ಕರಗಿಸಿ ಪೈರಿಗೆ ಒದಗಿಸುವುದು. ಅಮೇರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿರುವ, ಭಾರತ ಮೂಲದ ಮಣ್ಣಿನ ವಿಜ್ಞಾನಿ ರತ್ತನ್ ಲಾಲ್ ಅವರೂ ಅವರ ಸಹೋದ್ಯೋಗಿಯೂ ಈ ಖನಿಜವನ್ನು ಸುಮಾರು 16 ನ್ಯಾನೊಮೀಟರಿನ ಕಣಗಳಾಗಿ ತಯಾರಿಸಿ ಸೋಯಾ ಅವರೆಗೆ ಕೊಟ್ಟುನೋಡಿದರು. 2014ರಲ್ಲಿ ಅವರು ಪ್ರಕಟಿಸಿದಂತೆ, ಸಾಮಾನ್ಯ ರಂಜಕದ ಗೊಬ್ಬರವನ್ನು ಪಡೆದ ಗಿಡಗಳಿಗಿಂತ ಇವುಗಳ ಬೆಳವಣಿಗೆಯ ವೇಗವು ನೂರಕ್ಕೆ 32.6ರಷ್ಟೂ, ಕಾಳಿನ ಇಳುವರಿಯು ನೂರಕ್ಕೆ 20.4ರಷ್ಟೂ ಹೆಚ್ಚಾಯಿತು. ಕೇಳುವುದಕ್ಕೆ ಸಂತೋಷವಾಗುವುದು. ಆದರೆ ಆ ಗಿಡಗಳು ಬೆಳೆದದ್ದು ಗಾಜಿನ ಮನೆಯೊಳಗೆ, ಕುಂಡಗಳಲ್ಲಿ ತುಂಬಿದ ಕೃತಕವಾದ ಹದದಲ್ಲಿ. ರಂಜಕವನ್ನು ಕಸಿದುಕೊಳ್ಳುವ ಕೆಂಪು ಮಣ್ಣು ಅಲ್ಲಿರಲಿಲ್ಲ.

ಮರುವರ್ಷವೇ, 2015ರಲ್ಲಿ, ಆಸ್ಟ್ರೇಲಿಯದ ಅಡಿಲೇಡಿನ ವಿಜ್ಞಾನಿಗಳು ಅದೇ ಖನಿಜದ ನ್ಯಾನೊ ಕಣಗಳನ್ನು ರಂಜಕವನ್ನು ಬಲವಾಗಿ ಹಿಡಿದುಕೊಳ್ಳುವ ಮಣ್ಣುಗಳಲ್ಲಿ ಗೋಧಿಯ ಗಿಡಗಳ ಮೇಲೆ ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ನ್ಯಾನೊ ಕಣಗಳು ಅದೇ ಖನಿಜದ ದಪ್ಪ ಪುಡಿಗಿಂತ ಮೇಲಾದುವು. ಆದರೆ ನೀರಿನಲ್ಲಿ ಕರಗುವ ಸಾಧಾರಣ ಸೂಪರ್‌ಫಾಸ್ಫೇಟಿಗೆ ಸರಿಗಟ್ಟಲಿಲ್ಲ. ಒಂದೇ ಪದಾರ್ಥವು ಕುಂಡದಲ್ಲಿ ಗೆದ್ದು ಮಣ್ಣಿನಲ್ಲಿ ಹಿಂದೆಬಿದ್ದುದನ್ನು ನೋಡಿರಿ. ಮಣ್ಣಿಗೆ ಬಿದ್ದ ನ್ಯಾನೊ ಕಣವು ಒಂಟಿಯಾಗಿ ಉಳಿಯುವುದಿಲ್ಲ. ಒಂದಕ್ಕೊಂದು ಅಂಟಿ ಉಂಡೆಗಟ್ಟುವುದು. ಇಲ್ಲವೇ ಜೇಡಿಯ ಮೈಗೆ, ಕಬ್ಬಿಣದ ತುಕ್ಕಿಗೆ, ಕೊಳೆತ ಎಲೆಯ ಸಾರಕ್ಕೆ ಹತ್ತಿಕೊಳ್ಳುವುದು. ಬೆಂಗಳೂರಿನ ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದಿಂದ ಬಂದುದು ಎಂಬುದನ್ನು ನೆನೆದರೆ, ಈ ಪ್ರಯೋಗವು ನಮಗೆ ಎಷ್ಟು ಹತ್ತಿರದ್ದೆಂಬುದು ತಿಳಿಯುವುದು.

ಈ ಖನಿಜಕ್ಕೆ ಇನ್ನೊಂದು ಉಪಯೋಗವನ್ನು ಸಿಂಹಳದ್ವೀಪದ ವಿಜ್ಞಾನಿಗಳು ಕಂಡುಹಿಡಿದರು. ಯೂರಿಯಾವನ್ನು ಹೈಡ್ರಾಕ್ಸಿಅಪಟೈಟಿನ ನ್ಯಾನೊ ಕಣಗಳಿಗೆ ಹೊದಿಸಿದರೆ ಅದು ಒಮ್ಮೆಲೇ ಕರಗಿ ಹರಿದುಹೋಗದೆ ಸ್ವಲ್ಪಸ್ವಲ್ಪವಾಗಿ ಹೊರಬೀಳುವುದು. ಯೂರಿಯಾವನ್ನು ಅರ್ಧಕ್ಕೆ ಇಳಿಸಿದರೂ ಬತ್ತದ ಗದ್ದೆಯಲ್ಲಿ ಇಳುವರಿ ಕುಗ್ಗಲಿಲ್ಲವೆಂದು 2017ರಲ್ಲಿ ಅವರು ತಿಳಿಸಿದರು. ಇದು ನಿಜವಾದಲ್ಲೆಲ್ಲಾ ಹುಳಿಮಣ್ಣಿಗೆ ಇಮ್ಮಡಿ ಉಪಕಾರ. ಏಕೆಂದರೆ ಯೂರಿಯಾ ಕಡಿಮೆಯಾದಷ್ಟೂ ಹೊಸದಾಗಿ ಹುಟ್ಟುವ ಹುಳಿಯೂ ಕಡಿಮೆಯಾಗುವುದು.

ಇನ್ನು ಸಿಲಿಕಾ. ಮರಳಿನಲ್ಲಿಯೂ ಬತ್ತದ ಹೊಟ್ಟಿನಲ್ಲಿಯೂ ಇರುವ ಪದಾರ್ಥವಿದು. ಹೊಟ್ಟನ್ನು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾವೇ. ಅದರಿಂದ ನ್ಯಾನೊ ಕಣಗಳನ್ನು ತಯಾರಿಸಬಹುದು. ಸಿಲಿಕಾದ ನ್ಯಾನೊ ಕಣಗಳು ಹುಳಿಮಣ್ಣಿನಲ್ಲಿ ಬೆಳೆದ ಮುಸುಕಿನ ಜೋಳಕ್ಕೆ ಅಲ್ಯೂಮಿನಿಯಂನಿಂದ ಆಗುವ ಹಾನಿಯನ್ನು ತಗ್ಗಿಸಿದುವೆಂದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿತು. ಸಿಲಿಕಾನು ಅಲ್ಯೂಮಿನಿಯಂನೊಡನೆ ಕೂಡಿ ಅದರ ವಿಷವನ್ನು ಮಂದಮಾಡುವುದಲ್ಲದೆ, ಗಿಡದ ಸ್ವಂತ ರಕ್ಷಣಾಶಕ್ತಿಯನ್ನೂ ಬಲಪಡಿಸುವುದು. ಹುಳಿಯನ್ನು ತೆಗೆಯದೆ ಹುಳಿಯ ಕೇಡನ್ನು ತಡೆಯುವ ಈ ದಾರಿಯು ಸುಣ್ಣದ ಲೆಕ್ಕಕ್ಕೆ ಸಿಕ್ಕದ ದಾರಿ. ಆದುದರಿಂದ ಇದರಲ್ಲಿ ಆಸೆಯಿಡಬಹುದು. ನಮ್ಮ ಕೃಷಿ ವಿಶ್ವವಿದ್ಯಾನಿಲಯವು ಬೆಳೆಗಳಲ್ಲಿ ಸಿಲಿಕಾನಿನ ಪಾತ್ರವನ್ನು ಬಹುಕಾಲದಿಂದ ಅಭ್ಯಾಸಮಾಡುತ್ತಿದ್ದು, ಈ ವಿಷಯದ ಏಳನೆಯ ಅಂತರರಾಷ್ಟ್ರೀಯ ಸಮ್ಮೇಳನವು 2017ರಲ್ಲಿ ಬೆಂಗಳೂರಿನಲ್ಲಿಯೇ ಸೇರಿತು.

ಮೂರನೆಯದು ಸತು. ಕರ್ನಾಟಕ ಸರ್ಕಾರವು ಇಕ್ರಿಸಾಟ್ ಸಂಸ್ಥೆಯೊಡನೆ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆಯು ನಾಡಿನ ಹಲವೆಡೆ ಕಂಡುಬಂದಿತು. ತಿರುಪತಿಯ ಕೃಷಿ ಸಂಶೋಧನಾ ಕೇಂದ್ರದವರು ಸುಮಾರು 25 ನ್ಯಾನೊಮೀಟರಿನ ಸತುವಿನ ಆಕ್ಸೈಡ್ ಕಣಗಳನ್ನು ಕಡಲೆಕಾಯಿಯ ಬೆಳೆಯ ಮೇಲೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಹತ್ತು ಲಕ್ಷಕ್ಕೆ 1,000 ಪಾಲಿನ ಪ್ರಮಾಣದಲ್ಲಿ ಮೊಳಕೆಯೂ ಬೆಳವಣಿಗೆಯೂ ಉತ್ತಮವಾದುವು. 2,000 ಪಾಲಿಗೆ ಏರಿಸಿದೊಡನೆ ಅದೇ ಕಣಗಳು ಕೇಡು ಮಾಡಿದುವು. ಹುಳಿಮಣ್ಣಿನಲ್ಲಿ ಈ ಎಚ್ಚರಿಕೆಯು ಇನ್ನೂ ಹೆಚ್ಚಾಗಿ ಬೇಕು. ಸತುವಿನ ಆಕ್ಸೈಡು ಹುಳಿಯಲ್ಲಿ ಬೇಗ ಕರಗುವುದರಿಂದ, ಕ್ಷಾರಮಣ್ಣಿನಲ್ಲಿ ಗೋಧಿಯ ಬೇರನ್ನು ಬಾಧಿಸದ ಪ್ರಮಾಣವೇ ಹುಳಿಮಣ್ಣಿನಲ್ಲಿ ಬೇರನ್ನು ಕುಗ್ಗಿಸಿತೆಂದು 2015ರ ಒಂದು ಅಧ್ಯಯನದಿಂದ ತಿಳಿದುಬಂದಿದೆ. ಸತುವು ಲೋಹವಾದುದರಿಂದ ಅದು ಕೊಳೆತು ಮಾಯವಾಗುವ ವಸ್ತುವಲ್ಲ. ಹಾಕಿದುದು ಮಣ್ಣಿನಲ್ಲಿಯೋ ನೀರಿನಲ್ಲಿಯೋ ಉಳಿದೇ ಇರುವುದು. ಇಂತಹ ಪದಾರ್ಥಗಳನ್ನು ಹೇಗೆ ಪರೀಕ್ಷಿಸಬೇಕೆಂಬುದಕ್ಕೆ ಭಾರತ ಸರ್ಕಾರವು 2020ರಲ್ಲಿ ನಿಯಮಗಳನ್ನು ಪ್ರಕಟಿಸಿತು.

ಅಂಗಡಿಯ ಸೀಸೆ

ಪ್ರಯೋಗಶಾಲೆಯ ಮಾತು ಹೀಗಾಯಿತು. ಅಂಗಡಿಯಲ್ಲಿ ದೊರೆಯುವ ಸೀಸೆಗಳಲ್ಲಿ ಮುಖ್ಯವಾದುವು 2021ರಲ್ಲಿ ಬಂದ ನ್ಯಾನೊ ಯೂರಿಯಾ, 2023ರಲ್ಲಿ ಬಂದ ನ್ಯಾನೊ ಡಿಎಪಿ. ಇವುಗಳನ್ನು ಎಲೆಯ ಮೇಲೆ ಸಿಂಪಡಿಸುವರು. ಇವು ಮಣ್ಣಿನ ಹುಳಿಗೆ ಮದ್ದೆಂದು ತಯಾರಾದುವಲ್ಲ. ಈ ಭೇದವನ್ನು ಮೊದಲು ತಿಳಿದಿರಬೇಕು. ಅರ್ಧ ಲೀಟರ್ ನ್ಯಾನೊ ಡಿಎಪಿಯಲ್ಲಿ ನೂರಕ್ಕೆ 16ರ ಪ್ರಮಾಣದಲ್ಲಿ ಸುಮಾರು 80 ಗ್ರಾಂ ರಂಜಕಾಂಶವಿರುವುದು. 50 ಕಿಲೋಗ್ರಾಮಿನ ಡಿಎಪಿ ಮೂಟೆಯಲ್ಲಿ ಅದೇ ಲೆಕ್ಕದ ರಂಜಕಾಂಶವು 23 ಕಿಲೋಗ್ರಾಂ. ಎಲೆಯ ಮೂಲಕ ಹೋಗುವ ಸಾರವು ವ್ಯರ್ಥವಾಗದೆಂದು ತಯಾರಕರು ಹೇಳುವರು. ಅದು ಎಷ್ಟರಮಟ್ಟಿಗೆ ಈ ಅಂತರವನ್ನು ತುಂಬುವುದೆಂಬುದನ್ನು ಹೊಲವೇ ತೀರ್ಮಾನಿಸಬೇಕು. ಪಂಜಾಬಿನ ಕೃಷಿ ವಿಶ್ವವಿದ್ಯಾನಿಲಯವು ಎರಡು ವರ್ಷ ಪರೀಕ್ಷಿಸಿ, ಯೂರಿಯಾವನ್ನು ಅರ್ಧಕ್ಕೆ ಇಳಿಸಿ ನ್ಯಾನೊ ಯೂರಿಯಾವನ್ನು ಸಿಂಪಡಿಸಿದ ಬತ್ತ, ಗೋಧಿಗಳಲ್ಲಿ ಇಳುವರಿ ಕುಗ್ಗಿತೆಂದು ವರದಿ ಮಾಡಿತು.

ಯಾವ ಹೊಸ ಗೊಬ್ಬರದ ಸುದ್ದಿಯನ್ನು ಕೇಳಿದರೂ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು. ಹೋಲಿಸಿದ್ದು ಯಾವುದರೊಡನೆ? ಏನೂ ಹಾಕದ ಗಿಡದೊಡನೆಯೋ, ಅದೇ ಸಾರವನ್ನು ಸಾಧಾರಣ ರೂಪದಲ್ಲಿ ಪಡೆದ ಗಿಡದೊಡನೆಯೋ? ಬೆಳೆದದ್ದು ಎಲ್ಲಿ, ಕುಂಡದಲ್ಲಿಯೋ ಹೊಲದಲ್ಲಿಯೋ? ನೋಡಿದ್ದು ಎಷ್ಟು ಕಾಲ, ಒಂದು ಬೆಳೆಯೋ ಹಲವು ವರ್ಷಗಳೋ? ಸಾರಜನಕವನ್ನು ಮಾತ್ರ ಉಂಡ ಪಾತಿಗಳು ಸೊರಗಿದ ಕಥೆಯು ಹೊರಬಿದ್ದುದು ಅದೇ ಪಾತಿಗಳನ್ನು ವರ್ಷವರ್ಷವೂ ಬಿಡದೆ ನೋಡಿದುದರಿಂದಲೇ.

ಉಪಸಂಹಾರ

ತಾತನವರಿಗೆ ಹೇಳಬೇಕಾದ ಉತ್ತರವು ಈಗ ಸಿದ್ಧವಾಯಿತು. "ತಾತ, ಯಾವುದನ್ನು ಕೊಳ್ಳುವುದಕ್ಕೂ ಮುಂಚೆ ಮಣ್ಣನ್ನು ಪರೀಕ್ಷೆ ಮಾಡಿಸೋಣ" ಎನ್ನಬೇಕು. ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆದು ಹತ್ತು ಹದಿನೈದು ಕಡೆ ಮೇಲಿನ ಕಸವನ್ನು ಸರಿಸಿ, 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಒಂದೊಂದು ಹಿಡಿ ತೆಗೆದು, ಬೆರಸಿ, ನೆರಳಿನಲ್ಲಿ ಆರಿಸಿ, ಅರ್ಧ ಕಿಲೋಗ್ರಾಮಿನಷ್ಟನ್ನು ಪರೀಕ್ಷಾಲಯಕ್ಕೆ ಕಳುಹಿಸಬೇಕು. ಗೊಬ್ಬರದ ಗುಪ್ಪೆ ಇದ್ದ ಕಡೆಯಿಂದಲೂ ಬದುವಿನ ಪಕ್ಕದಿಂದಲೂ ತೆಗೆಯಬಾರದು. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರವನ್ನೂ ಬರೆದಿರುವರು. ಹುಳಿಯು ಹೆಚ್ಚೆಂದು ಕಂಡರೆ, ಅವರು ಹೇಳಿದಷ್ಟು ಸುಣ್ಣವನ್ನು ಬಿತ್ತನೆಗೆ ಕೆಲವು ವಾರ ಮುಂಚೆಯೇ ಹರಡಿ ಉಳಬೇಕು. ಹುಳಿಯಿಲ್ಲದ ಹೊಲಕ್ಕೆ ಸುಣ್ಣವೂ ದಂಡವೇ. ನ್ಯಾನೊ ಪದಾರ್ಥವನ್ನು ಪರೀಕ್ಷಿಸುವ ಕುತೂಹಲವಿದ್ದರೆ ಹೊಲದ ಒಂದು ಮೂಲೆಯಲ್ಲಿ, ಎರಡು ಸರಿಸಮನಾದ ಪಾತಿಗಳನ್ನು ಮಾಡಿ, ಒಂದಕ್ಕೆ ಹಾಕಿ ಒಂದಕ್ಕೆ ಬಿಟ್ಟು, ಎರಡರ ಫಸಲನ್ನೂ ತೂಗಿ ನೋಡಬಹುದು. ತೂಗಿದುದನ್ನು ಬರೆದಿಡುವ ಕೆಲಸವನ್ನು ಮೊಮ್ಮಗಳು ವಹಿಸಿಕೊಳ್ಳಲಿ.

ನ್ಯಾನೊ ಶಾಸ್ತ್ರವನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ವಿಷವನ್ನು ಮಂದಮಾಡುವ ಸಿಲಿಕಾ, ಮೆಲ್ಲಮೆಲ್ಲಗೆ ಬಿಚ್ಚಿಕೊಳ್ಳುವ ಯೂರಿಯಾ, ಇವು ನಾಳೆ ನಮ್ಮ ಕೆಂಪು ಮಣ್ಣಿಗೆ ತಕ್ಕಂತೆ ಹದಗೊಳ್ಳಬಹುದು; ಆ ಹದವನ್ನು ಕಂಡುಹಿಡಿಯುವವರಲ್ಲಿ ಈ ಪುಟಗಳನ್ನು ಓದುವ ಹುಡುಗಿಯರೂ ಇರಬಹುದು. ಅಂತಹವರು ಕಲ್ಲುಸಕ್ಕರೆಯ ಎರಡು ಲೋಟಗಳನ್ನು ಮರೆಯದಿರಲಿ. ಕಣವನ್ನು ಸಣ್ಣದು ಮಾಡಿ ಕೆಲಸದ ವೇಗವನ್ನು ಹೆಚ್ಚಿಸಬಹುದು. ಮಣ್ಣಿನ ಸಾಲವನ್ನು ತೀರಿಸುವುದಕ್ಕೆ ಮಾತ್ರ ಗುಪ್ಪೆಯಷ್ಟು ಗೊಬ್ಬರವೂ ಮೂಟೆಯಷ್ಟು ಸುಣ್ಣವೂ ಬೇಕು.